ನೋವು ವಾಪಸ್ ಬಂದದ್ದೇ ಚಲೋ ಆತು

ಬೆನ್ನಿಗೆ ಸೂಜಿ ಹಾಕಿದ ಡಾಕ್ಟರು ಮನೆಗೆ ಹೋಗಿ ಮಲಗಿ ಅನ್ನಲಿಲ್ಲ. ಅರ್ಧ ತಾಸು ಅಲ್ಲೇ ಅಡ್ಡಾಡಿಸಿ, "ಹೋಗಿ ಮಷಿನ್ ಮುಂದ ಕುಂದ್ರ್ರಿ, ಯಾವುದು ಮಾಡಿದ್ರೆ ನೋಯ್ತದೋ ಅದನ್ನೇ ಮಾಡ್ರಿ" ಅಂದರು. ಕೈಗೊಂದು ಹಾಳೆ. ತಾಸಿಗೊಮ್ಮೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ನಂಬರ್ ಹಾಕಬೇಕು.

ಬಳ್ಳಾರಿಯಲ್ಲಿ 19 ವರ್ಷದಿಂದ ಜೀನ್ಸ್ ಹೊಲೀತೀನಿ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲು. ಬಾಗಿ ಹೊಲಿಯುವಾಗ ಹೆಂಗೋ ನಡೀತದೆ. ಬಲಕ್ಕೆ ತಿರುಗಿ ಬಂಡಲ್ ಎತ್ತುವಾಗ, ಎದ್ದು ಸೊಂಟ ಹಿಂದಕ್ಕೆ ಚಾಚಿದಾಗ ಒಳಗೆ ಯಾರೋ ಮೊಳೆ ಹೊಡೆದಂಗೆ. ಎಣ್ಣೆ, ಬೆಲ್ಟು, ಮಾತ್ರೆ ಎಲ್ಲಾ ಮುಗಿದಿದ್ದವು. ಡಿಸ್ಕಿನದಲ್ಲ, ಬೆನ್ನೆಲುಬಿನ ಹಿಂದಿನ ಸಣ್ಣ ಕೀಲುಗಳದ್ದಿರಬಹುದು ಅಂತ ಡಾಕ್ಟರ ಅನುಮಾನ. ಒಂದೊಂದು ಕೀಲಿನ ನೋವು ಹೊರೋಕೆ ಎರಡೆರಡು ನರ. ಎಕ್ಸ್‌ರೇ ಪರದೆ ನೋಡ್ತಾ, ಆ ನರಗಳ ಪಕ್ಕಕ್ಕೆ ಮರಗಟ್ಟಿಸೋ ಔಷಧಿ ಸ್ವಲ್ಪಸ್ವಲ್ಪ ಬಿಟ್ಟರು.

ಸೂಜಿಗೆ ಮುಂಚೆ 7. ಹನ್ನೆರಡಕ್ಕೆ 2. ಮೂರು ಗಂಟೆಗೆ 1. ಬೇಕಂತಲೇ ಬಂಡಲ್ ದೂರ ಇಟ್ಟುಕೊಂಡು ತಿರುತಿರುಗಿ ಎತ್ತಿದೆ. ಪಕ್ಕದ ಮಷಿನಿನ ಹುಡುಗ, "ಏನಣ್ಣಾ, ಮೈಯಾಗ ದೇವರು ಬಂತಾ?" ಅಂದ. ಏಳಕ್ಕೆ 5, ಮಲಗೋ ಹೊತ್ತಿಗೆ ಮತ್ತೆ 7.

"ರೀ, ರೊಕ್ಕ ನೀರಾಗ ಹೋತಲ್ರೀ" ಅಂತ ನನ್ನಾಕೆ ಡಾಕ್ಟರಿಗೆ ಶಾಪ ಹಾಕಿದಳು. ಅದು ಮದ್ದಲ್ಲ, ಪರೀಕ್ಷೆ ಅಂತ ಅವಳಿಗೆ ತಿಳಿಸೋಕೆ ರಾತ್ರಿ ಹನ್ನೊಂದಾಯ್ತು. ಔಷಧಿ ಇದ್ದಷ್ಟು ಹೊತ್ತು ನೋವಿಲ್ಲ, ಇಳಿದ ಮೇಲೆ ಬಂತು ಅಂದರೆ ಕಳ್ಳ ಅಲ್ಲೇ ಇದಾನೆ ಅಂತ ತಾನೆ?

ಇನ್ನೊಂದು ಸಲ ಹಿಂಗೇ ನೋಡಿ, ಆಮೇಲೆ ಅದೇ ನರಗಳನ್ನ ಸೂಜಿ ತುದಿಯಿಂದ ಸುಡ್ತಾರಂತೆ, ಸುಮಾರು 80 ಡಿಗ್ರಿ, ಒಂದೂವರೆ ನಿಮಿಷ. ಸುಡೋ ಮುಂಚೆ ಸಣ್ಣ ಕರೆಂಟ್ ಬಿಟ್ಟು ಕಾಲು ಜಗ್ಗುತ್ತಾ ನೋಡ್ತಾರೆ. ಜಗ್ಗಿದರೆ ಸೂಜಿ ಕಾಲಿನ ನರದ ಹತ್ತಿರ ಹೋಗಿದೆ ಅಂತ. ಸುಟ್ಟ ನರ ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಬೆಳೀತದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ವ್ಯಾಯಾಮದ ಜೊತೆ ನರ ಸುಡಿಸಿಕೊಂಡವರಿಗೂ, ಬರೇ ವ್ಯಾಯಾಮ ಮಾಡಿದವರಿಗೂ ಅಂಥ ಫರಕು ಕಾಣಲಿಲ್ಲ ಅಂತ 2017ರಲ್ಲಿ ಒಂದು ಅಧ್ಯಯನ ಬಂದಿತ್ತು. ಅದನ್ನ ಡಾಕ್ಟರ ಮುಂದೇ ಇಟ್ಟೆ. ಸಿಟ್ಟಾಗಲಿಲ್ಲ. "ಅಲ್ಲಿ ಒಂದೇ ಸಲ ಪರೀಕ್ಷೆ ಮಾಡಿ ಆರಿಸಿದ್ರು. ಅದಕ್ಕ ನಿಮಗ ಎರಡು ಸಲ. ವ್ಯಾಯಾಮ ಅಂತೂ ಬಿಡಂಗಿಲ್ಲ" ಅಂದರು.

ಎರಡನೇದು ಬರೋ ಮಂಗಳವಾರ. ಆವತ್ತು ರಜೆ ಬೇಡ, ದೊಡ್ಡ ಬಂಡಲ್ಲೇ ಕೊಡ್ರಿ ಅಂತ ಮಾಲೀಕರಿಗೆ ಹೇಳಿದೀನಿ. ಅವರು ನನ್ನ ಮುಖಾನೇ ನೋಡಿದರು.