ಐದು ಎಲ್‌ಇಡಿಗಳ ಉಲ್ಕೆ: ಕೊನೆಗೂ ಜಗ್ಗಾಟ ನಿಂತಿತು

ಪೈಲಟ್‌ಗಳನ್ನೇ ಮೋಸಗೊಳಿಸಿದ ಉಲ್ಕೆ ಅವರಿಗೆ ಹೇಗೆ ಕಂಡಿರಬಹುದು ಅಂತ ನೋಡಲು, ಮನೆಯಲ್ಲೇ ಹಳಿಯ ಮೇಲೆ ಮೋಟರು, ಬೆಲ್ಟಿನಿಂದ ಐದು ಎಲ್‌ಇಡಿ ದೀಪ ಓಡಿಸುತ್ತಿದ್ದೇನೆ. ಓಟದಲ್ಲಿ ಹನ್ನೊಂದು ರಾತ್ರಿ ಕಾಡಿದ ಜಗ್ಗಾಟ ನಿನ್ನೆ ಬಗೆಹರಿಯಿತು. ಫ್ರೇಮು, ಮೋಟರು, ಕೋಡಿನ ವಿವರ ಇಲ್ಲಿ ಬಿಡುತ್ತೇನೆ.

ನಾನು ಹಿಡಿದುಕೊಂಡಿರುವುದು 1969ರ ಜೂನ್ 5ರ ಪ್ರಕರಣ. ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ, ಇನ್ನೂ ಬೆಳಕಿದ್ದ ಸಂಜೆ, ಎರಡು ಪ್ರಯಾಣಿಕ ವಿಮಾನದವರಿಗೂ ಏರ್ ನ್ಯಾಷನಲ್ ಗಾರ್ಡ್‌ನ ಯುದ್ಧವಿಮಾನದ ಪೈಲಟ್‌ಗೂ ಗುಂಪಾಗಿ ಹಾರಿಬರುವ ವಸ್ತುಗಳು ಕಂಡವು. ಡಿಕ್ಕಿಯೇ ಆಯಿತು ಅನ್ನುವಷ್ಟು ಹತ್ತಿರ! ಅದು ಚೂರಾಗುತ್ತಿದ್ದ ಉಲ್ಕೆ. ಪಿಯೋರಿಯಾದಲ್ಲಿ ಒಬ್ಬರು ಫೋಟೋನೂ ತೆಗೆದಿದ್ದರು. ಹಾರುವ ತಟ್ಟೆಯ ಕಥೆಗಳನ್ನು ಪರೀಕ್ಷಿಸುತ್ತಿದ್ದ ಪತ್ರಕರ್ತ ಫಿಲಿಪ್ ಕ್ಲಾಸ್ ವಿವರಿಸಿದಂತೆ ಅದು ಇದ್ದದ್ದು ಸುಮಾರು 200 ಕಿ.ಮೀ. ಆಚೆ.

ನುರಿತ ಕಣ್ಣು ಹೀಗೇಕೆ ಸೋಲುತ್ತದೆ? ಸೆಕೆಂಡಿಗೆ 15 ಕಿ.ಮೀ. ಓಡುವ ಉಲ್ಕೆ ಅಷ್ಟು ದೂರದಲ್ಲಿ ಅಡ್ಡ ಹಾಯುತ್ತಿದೆ ಅಂದುಕೊಳ್ಳಿ. ಕಣ್ಣಿಗೆ ಅದು ಸೆಕೆಂಡಿಗೆ 4.3 ಡಿಗ್ರಿ ಸರಿಯುತ್ತದೆ. 300 ಮೀಟರ್ ದೂರದಲ್ಲಿ ಸೆಕೆಂಡಿಗೆ 22 ಮೀಟರ್ ಹೋಗುವ ವಸ್ತುವೂ ಅಷ್ಟೇ ಸರಿಯುತ್ತದೆ. ದೂರದ್ದೋ ಹತ್ತಿರದ್ದೋ ಕಣ್ಣಿಗೆ ಗೊತ್ತಾಗುವುದಿಲ್ಲ. ಎತ್ತರದ ಕಥೆಯೂ ಇದೇ. 12 ಕಿ.ಮೀ. ಮೇಲಿರುವ ವಿಮಾನದಿಂದ ನೋಡಿದರೆ, 30 ಕಿ.ಮೀ.ಗೆ ಇಳಿದ ಉಲ್ಕೆ, ಭೂಮಿಯ ಬಾಗು ಕಳೆದ ಮೇಲೆ, ಕಣ್ಣಿನ ಮಟ್ಟಕ್ಕಿಂತ ನಾಲ್ಕೇ ಡಿಗ್ರಿ ಮೇಲೆ. ಕೈ ಚಾಚಿ ಹಿಡಿದ ಎರಡು ಬೆರಳಿನಗಲ.

ನನ್ನ ಹಜಾರದಲ್ಲಿ ಆರು ಮೀಟರ್ ದೂರಕ್ಕೆ ಇದು ಸೆಕೆಂಡಿಗೆ 45 ಸೆಂ.ಮೀ. ಸುಲಭ ಅನ್ನಿಸಿತ್ತು. ಆದರೆ ಎರಡು ಮೀಟರ್ ಹಳಿಯ ಮೇಲೆ ದೀಪಗಳು ಕುಂಟುತ್ತಿದ್ದವು. ಅಕ್ಕನ ಮಗ ಕತ್ತಲಲ್ಲೇ ಕೇಳಿದ, "ಮಾಮಾ, ದಾರ ಕಟ್ಟಿ ಎಳೀತಿದೀರಾ?" ದೀಪಗಳನ್ನು ಎಳೆಯಲು ಜಿಟಿ2 ಬೆಲ್ಟ್ (ಹಲ್ಲಿರುವ ಸಣ್ಣ ಪಟ್ಟಿ) ಅಂತ ಆನ್‌ಲೈನಿನಲ್ಲಿ ತರಿಸಿದ್ದನ್ನು ಕತ್ತರಿಸಿ ನೋಡಿದೆ: ಒಳಗೆ ಗಾಜಿನ ನಾರೇ ಇಲ್ಲ, ಬರೀ ರಬ್ಬರು! ಚೀಟಿಯ ಮೇಲೆ ದೊಡ್ಡದಾಗಿ 'ಫೈಬರ್ ಕೋರ್' ಅಂತ ಅಚ್ಚು. ವಾಪಸ್ ತೆಗೆದುಕೊಳ್ಳಲ್ಲ ಅಂದರು. ಸಿಟ್ಟು ಇನ್ನೂ ಇಳಿದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ, ಬೆರಳಲ್ಲಿ ಎಳೆದು ನೋಡಿ, ಬೇರೆ ತಂದೆ.

ನಡು ದಾರಿ ನುಣುಪಾಯಿತು, ಹೊರಡುವಾಗ, ನಿಲ್ಲುವಾಗ ಜಗ್ಗುವುದು ಮಾತ್ರ ಹೋಗಲಿಲ್ಲ. ಕೋಡಿನಲ್ಲಿ ವೇಗದ ಏರಿಳಿತವನ್ನು ಎಷ್ಟು ತಿದ್ದಿದರೂ ಅಷ್ಟೇ. ಕೊನೆಗೆ ಹಳಿಯ ಎರಡೂ ತುದಿಗೆ 35 ಸೆಂ.ಮೀ. ಕಪ್ಪು ಬಟ್ಟೆ ಇಳಿಬಿಟ್ಟೆ. ಜಗ್ಗುವುದೆಲ್ಲ ಅದರ ಹಿಂದೆ, ಕಾಣುವುದು ಒಂದೇ ವೇಗದ ಓಟ.

ನಿನ್ನೆ ಅದೇ ಹುಡುಗ ಉಸಿರು ಬಿಗಿಹಿಡಿದು ನೋಡಿದ. "ಉದ್ದ ವಿಮಾನ ಮಾಮಾ, ಕಪ್ಪಗಿದೆ, ಐದು ಕಿಟಕಿ."

ನನಗೆ ಮೈ ಜುಮ್ಮೆಂದಿತು. ಅಲ್ಲಿ ವಿಮಾನದ ಮೈಯೇ ಇಲ್ಲ, ಐದು ಚುಕ್ಕೆ ಅಷ್ಟೇ. 1968ರ ಮಾರ್ಚ್ 3ರಂದು ಸೋವಿಯತ್‌ನ ಜೋಂಡ್ 4 ಬಾಹ್ಯಾಕಾಶ ನೌಕೆಯ ರಾಕೆಟ್ ಚೂರುಗಳು ಅಮೆರಿಕದ ಮೇಲೆ ಉರಿದು ಹೋದಾಗಲೂ ಕೆಲವರು ಕಿಟಕಿಗಳಿರುವ ಚುಟ್ಟಾದಂಥ ನೌಕೆಯನ್ನೇ ಬಣ್ಣಿಸಿದ್ದರು.

ಆದರೆ ಸೇಂಟ್ ಲೂಯಿಸ್‌ನದು ಕತ್ತಲಲ್ಲಿ ಆದದ್ದಲ್ಲ. ಹಾಗಾಗಿ ಹಿಂದೆ ನೀಲಿ ಬಟ್ಟೆ ಕಟ್ಟಿ, ಬೆಳಕು ಬಿಟ್ಟು ಮತ್ತೆ ನೋಡಬೇಕು. ಅದಕ್ಕೂ ಮೊದಲು 1990ರ ನವೆಂಬರ್ 5ರ ಪ್ರಕರಣಕ್ಕೆ ಕೈ ಕಡಿಯುತ್ತಿದೆ: ಉತ್ತರ ಸಮುದ್ರದ ಮೇಲೆ ಬ್ರಿಟನ್ನಿನ ಟೊರ್ನೇಡೊ ವಿಮಾನದವರಿಗೆ ಕಂಡ ದೀಪಗಳು, ಗೊರೈಜಾಂಟ್ ಉಪಗ್ರಹ ಹೊತ್ತ ಪ್ರೋಟಾನ್ ರಾಕೆಟ್‌ನ ಉರಿಯುವ ಭಾಗ. ಅದು ಉಲ್ಕೆಗಿಂತ ನಿಧಾನ. ಇದೇ ಮೋಟರು ಅರ್ಧ ವೇಗದಲ್ಲಿ ನಡುಗದೆ ಓಡುತ್ತದಾ, ಇವತ್ತು ರಾತ್ರಿಯೇ ನೋಡುತ್ತೇನೆ.