ಥೋರೆನ್ಸ್ ಟಿಡಿ 160: ಪುಲ್ಲಿ ಕೊನೆಗೂ ಕೂತಿತು

ಅಂತೂ ನನ್ನ ಹಳೇ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ನಿಮಿಷಕ್ಕೆ 33⅓ ಸುತ್ತು ತಿರುಗುತ್ತಿದೆ. ಬೇರಿಂಗ್ ಎಣ್ಣೆ, ಸ್ಪ್ರಿಂಗ್ ಹೊಂದಿಸಿದ್ದು ಎಲ್ಲ ಮೊದಲೇ ಮುಗಿದಿತ್ತು, ಬಿಡಿ. ಈ ಸಲ ಬರೀ ಪುಲ್ಲಿಯ, ಅಂದರೆ ಬೆಲ್ಟ್ ಎಳೆಯುವ ಮೋಟಾರಿನ ಗಾಲಿಯ ಕತೆ.

ಟಿಡಿ 160 ಬಂದದ್ದು 1972ರಲ್ಲಿ. ಸ್ವಿಸ್ ಹೆಸರು, ತಯಾರಾದದ್ದು ಪಶ್ಚಿಮ ಜರ್ಮನಿಯ ಲಾರ್‌ನಲ್ಲಿ. ಜೀವನಪೂರ್ತಿ ಇಟ್ಟುಕೊಳ್ಳಲು ಇದನ್ನೇ ಆರಿಸಿದ್ದು ಯಾಕೆಂದರೆ ಒಳಗೆ ಒಂದೂ ಐಸಿ ಚಿಪ್ ಇಲ್ಲ. ಕ್ವಾರ್ಟ್ಜ್ ಲಾಕ್ ಇರುವ ಡೈರೆಕ್ಟ್ ಡ್ರೈವ್ (ಬೆಲ್ಟ್ ಇಲ್ಲದೆ ಮೋಟಾರೇ ನೇರ ತಿರುಗಿಸುವಂಥದ್ದು, ವೇಗವನ್ನು ಚಿಪ್ ಕಾಯುತ್ತದೆ) ವೇಗದ ನಿಖರತೆಯಲ್ಲಿ ಇದಕ್ಕಿಂತ ಮೇಲು, ಒಪ್ಪುತ್ತೇನೆ. ಆದರೆ ಆ ಚಿಪ್ ಸುಟ್ಟರೆ ಎಲ್ಲಿಂದ ತರೋದು? ಇದಕ್ಕೆ ಒಬ್ಬ ಒಳ್ಳೆಯ ಲೇತ್ ಮೇಸ್ತ್ರಿ ಸಾಕು.

ನನ್ನದು ಅಮೆರಿಕದಿಂದ ಬಂದ ಪೀಸ್. "ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕ್ಕೊಳ್ಳಿ ಸಾರ್, ಆರಾಮಾಗಿ ಓಡುತ್ತೆ" ಅಂದಿದ್ದ ಮಾರಿದವನು. ಓಡುತ್ತದೆ, ನಿಜ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಜ್ (ಕರೆಂಟಿನ ಆವರ್ತನ) ಮುಟ್ಟುವುದಿಲ್ಲ, ಮೋಟಾರಿನ ವೇಗ ನಿಂತಿರುವುದೇ ಅದರ ಮೇಲೆ. 16 ಪೋಲ್ ಮೋಟಾರ್ ಅಮೆರಿಕದ 60 ಹರ್ಟ್ಜ್‌ನಲ್ಲಿ ನಿಮಿಷಕ್ಕೆ 450 ಸುತ್ತು, ನಮ್ಮ 50ರಲ್ಲಿ 375. ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) 27.8ಕ್ಕೆ ಇಳಿಯುತ್ತದೆ, ಶ್ರುತಿ ಹಾರ್ಮೋನಿಯಂನಲ್ಲಿ ಮೂರು ಮನೆ ಕೆಳಗೆ. ಗಾಯಕಿ ಹಾಡಿದರೆ ನೆಗಡಿಯಾದ ಗಂಡಸು ಹಾಡಿದ ಹಾಗೆ.

50 ಹರ್ಟ್ಜ್ ಪುಲ್ಲಿ ಆರ್ಡರ್ ಮಾಡಿದರೆ ಪುಲ್ಲಿ ಮಾರುವ ಪುಣ್ಯಾತ್ಮ ಕಳಿಸಿದ್ದು ಮತ್ತೆ 60ರದ್ದೇ. ವಾಪಸ್ ಕಳಿಸುವ ಖರ್ಚು ಪುಲ್ಲಿಗಿಂತ ಜಾಸ್ತಿ. ಸರಿ, ಲೇತ್‌ನಲ್ಲಿ ಮಾಡಿಸೋಣ ಅಂತ ಬೆಂಗಳೂರಿನ ಪೀಣ್ಯದ ಕಡೆ ಹೊರಟೆ.

ಹಳೇ ವ್ಯಾಸವನ್ನು 1.2ರಿಂದ (60/50) ಗುಣಿಸಿದರೆ ಆಯ್ತು, ಅಲ್ವಾ? ಆಗಲ್ಲ. ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರಬೇಕು. ಅದನ್ನು ವ್ಯಾಸಕ್ಕೆ ಕೂಡಿಸಿ, ಗುಣಿಸಿ, ಆಮೇಲೆ ಕಳೆಯಬೇಕು. 10 ಮಿ.ಮೀ. ಪುಲ್ಲಿ, 0.6 ಮಿ.ಮೀ. ಬೆಲ್ಟ್ ಅಂದುಕೊಳ್ಳಿ. ಬೇಕಾದ್ದು 12 ಅಲ್ಲ, 12.12. ಆ 0.12 ಬಿಟ್ಟುಬಿಟ್ಟರೆ ವೇಗ ಸುಮಾರು ಶೇ. 1 ಕಮ್ಮಿ.

ಮೊದಲ ಹಿತ್ತಾಳೆ ಪುಲ್ಲಿ ಬಂತು. ಸ್ಟ್ರೋಬ್ ಡಿಸ್ಕ್ (ವೇಗ ಸರಿಯಿದ್ದರೆ ದೀಪದಡಿ ಗೆರೆಗಳು ನಿಂತಂತೆ ಕಾಣುವ ತಟ್ಟೆ) ಮೇಲೆ 180 ಗೆರೆಗಳೂ ಕಲ್ಲಿನಂತೆ ನಿಂತವು. ವೀಣೆ ರೆಕಾರ್ಡ್ ಹಾಕಿದೆ. ನೀಳ ಸ್ವರಕ್ಕೂ ಗಮಕ, ತಂಬೂರಿಗೂ ಗಮಕ! ಸ್ಟ್ರೋಬ್ ತೋರಿಸುವುದು ಸರಾಸರಿ ವೇಗ ಮಾತ್ರ. 3150 ಹರ್ಟ್ಜ್‌ನ ಒಂದೇ ಸ್ವರವಿರುವ ಟೆಸ್ಟ್ ರೆಕಾರ್ಡ್ ಹಾಕಿ ಫೋನ್ ಹಿಡಿದು ಅಳೆದರೆ ಶ್ರುತಿಯಲ್ಲಿ ಸೆಕೆಂಡಿಗೆ ಆರು ಚಿಲ್ಲರೆ ಸಲ ಏರಿಳಿತ. ಪುಲ್ಲಿ ಸುತ್ತುವುದೂ ಸೆಕೆಂಡಿಗೆ 6.25 ಸಲ. ಅಂದರೆ ಪುಲ್ಲಿಯ ತೂತು ನಡುಮಧ್ಯದಲ್ಲಿ ಇರಲಿಲ್ಲ. "ಕೂದಲೆಳೆಯಷ್ಟು ಸಾರ್, ಗೊತ್ತಾಗಲ್ಲ" ಅಂದ ಮೇಸ್ತ್ರಿ. ಗೊತ್ತಾಗುತ್ತೆ ಸ್ವಾಮಿ.

(ಕಾಯುತ್ತಾ ಕೂತಾಗ ಪಕ್ಕದ ಮರದಂಗಡಿಯಲ್ಲಿ ಹಲಸಿನ ಹಲಗೆ ಕಣ್ಣಿಗೆ ಬಿತ್ತು. ವೀಣೆಗೆ ಆಗುವ ಮರ ಗ್ಯಾರಾರ್ಡ್ 401 ಟರ್ನ್‌ಟೇಬಲ್‌ನ ಪ್ಲಿಂತ್‌ಗೆ (ಕೆಳಗಿನ ಪೀಠಕ್ಕೆ) ಆಗಲ್ವಾ? ಆ ಟರ್ನ್‌ಟೇಬಲ್ ಇನ್ನೂ ಕೊಂಡಿಲ್ಲ. ಹಲಗೆ ಮನೆಯಲ್ಲಿದೆ.)

ಪರಿಹಾರ ಸಿಕ್ಕಿದ್ದು ಇನ್ನೊಂದು ಶಾಪಿನಲ್ಲಿ. ಅವರು ತೂತು ಕೊರೆದು, ರೀಮರ್ ಹಾಕಿ ಅಳತೆಗೆ ತಂದು, ಲೇತಿನ ಹಿಡಿಕೆಯಾದ ಚಕ್‌ನಿಂದ ಬಿಚ್ಚದೆ ಅದೇ ಹಿಡಿತದಲ್ಲಿ ಹೊರಮೈ ತೆಗೆದರು, ಹಾಗಾಗಿ ತೂತು ನಡುಮಧ್ಯಕ್ಕೇ ಬಂತು. 33, 45 ವೇಗದ ಎರಡೂ ಮೆಟ್ಟಿಲಿಗೆ ಬೆಲ್ಟ್ ಜಾರದ ಹಾಗೆ ತುಸು ಉಬ್ಬು. ಓಲಾಟ ಅಳೆಯುವ ಡಯಲ್ ಗೇಜಿನ ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು. ತಂಬೂರಿ ಈಗ ತೆಪ್ಪಗಿದೆ.

ಇನ್ನು ಕಾರ್ಟ್ರಿಜ್, ಅಂದರೆ ಸೂಜಿ ಕೂರುವ ಭಾಗ. ಶ್ಯೂರ್ ಕಂಪನಿ 2018ರಲ್ಲೇ ಕಾರ್ಟ್ರಿಜ್ ಮಾಡುವುದನ್ನು ನಿಲ್ಲಿಸಿತು. ಆಡಿಯೊ-ಟೆಕ್ನಿಕಾ ವಿಎಂ95 ಕಡೆಗೆ ಮನಸ್ಸು ವಾಲಿದೆ. ಬಾಡಿ ಒಂದೇ, ಸೂಜಿ ಮಾತ್ರ ಬದಲಿಸಿಕೊಂಡು ಹೋಗಬಹುದು. ಟಿಡಿ 160ರ ಟಿಪಿ 16 ಆರ್ಮ್‌ನಲ್ಲಿ (ಕಾರ್ಟ್ರಿಜ್ ಹೊರುವ ತೋಳು) ಹಾಕಿ ನೋಡಿದವರು ಯಾರಾದರೂ ಇದ್ದರೆ ಸೂಜಿಯ ಮೇಲೆ ತೂಕ ಎಷ್ಟಿಟ್ಟಿರಿ ಹೇಳಿ.