ದೋಹಾದಲ್ಲಿ ಗೋಲಿಲ್ಲದ ಒಂದು ರಾತ್ರಿ

2019ರ ಸೆಪ್ಟೆಂಬರ್ 10ರಂದು ದೋಹಾದ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಭಾರತ ಕತಾರ್ ವಿರುದ್ಧ ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಪಂದ್ಯ ಆಡುವುದಿತ್ತು. ಆ ವಾರ ನಮ್ಮ ಕಚೇರಿಯ ಭಾರತೀಯರಲ್ಲಿ ಗೆಲುವಿನ ಮಾತನ್ನು ಯಾರೂ ಎತ್ತಲಿಲ್ಲ; ಸೋಲು ಎಷ್ಟು ಗೋಲುಗಳದ್ದಾಗಬಹುದು ಎಂಬುದೇ ಚರ್ಚೆಯಾಗಿತ್ತು. ಅದಕ್ಕೆ ಕಾರಣವೂ ಇತ್ತು. ಅದೇ ವರ್ಷದ ಆರಂಭದಲ್ಲಿ ಕತಾರ್ ಏಷ್ಯನ್ ಕಪ್ ಗೆದ್ದಿತ್ತು. ಇಡೀ ಟೂರ್ನಿಯಲ್ಲಿ 19 ಗೋಲು ಹೊಡೆದು ಒಂದನ್ನಷ್ಟೇ ಬಿಟ್ಟುಕೊಟ್ಟು, ಫೈನಲ್‌ನಲ್ಲಿ ಜಪಾನನ್ನು 3-1ರಿಂದ ಮಣಿಸಿತ್ತು. ನಮ್ಮ ಪಂದ್ಯಕ್ಕೆ ಐದು ದಿನ ಮೊದಲು ಅಫ್ಘಾನಿಸ್ತಾನದ ಮೇಲೆ ಆರು ಗೋಲು ಸುರಿದಿತ್ತು. ಅದೇ ದಿನ ಗುವಾಹಟಿಯಲ್ಲಿ ಭಾರತ, ನಾಯಕ ಸುನಿಲ್ ಚೆಟ್ರಿಯ ಗೋಲಿನಿಂದ 82ನೇ ನಿಮಿಷದವರೆಗೂ ಮುಂದಿದ್ದು, ಕೊನೆಯ ಗಳಿಗೆಯಲ್ಲಿ ಎರಡು ಗೋಲು ತಿಂದು ಒಮಾನ್‌ಗೆ 1-2ರಿಂದ ಸೋತಿತ್ತು. ಪಂದ್ಯದ ದಿನ ಬಂದ ಸುದ್ದಿ ಇನ್ನೂ ಕೆಟ್ಟದ್ದು: ಜ್ವರದಿಂದಾಗಿ ಚೆಟ್ರಿ ಆಡುವುದಿಲ್ಲ.

2022ರ ವಿಶ್ವಕಪ್‌ನ ಆತಿಥೇಯ ರಾಷ್ಟ್ರವಾದ ಕತಾರ್‌ಗೆ ಅರ್ಹತಾ ಪಂದ್ಯವೇಕೆ ಎಂದು ಊರಿನ ಸ್ನೇಹಿತರು ಫೋನಿನಲ್ಲಿ ಕೇಳಿದ್ದುಂಟು. ಏಷ್ಯಾದ ಎರಡನೇ ಸುತ್ತು ವಿಶ್ವಕಪ್‌ಗೂ 2023ರ ಏಷ್ಯನ್ ಕಪ್‌ಗೂ ಒಟ್ಟಿಗೇ ನಡೆಯುತ್ತಿದ್ದುದರಿಂದ ಕತಾರ್ ಕೂಡ ಆಡಬೇಕಿತ್ತು. 40 ತಂಡಗಳು, ಐದೈದು ತಂಡಗಳ ಎಂಟು ಗುಂಪುಗಳು, ಪ್ರತಿ ಎದುರಾಳಿಯೊಂದಿಗೆ ತವರಿನಲ್ಲೊಂದು, ಹೊರಗೊಂದು ಪಂದ್ಯ. ನಮ್ಮ ಗುಂಪಿನಲ್ಲಿದ್ದವರು ಕತಾರ್, ಒಮಾನ್, ಅಫ್ಘಾನಿಸ್ತಾನ ಮತ್ತು ಬಾಂಗ್ಲಾದೇಶ.

ನಾನು ಕರಾವಳಿಯಿಂದ ಕೆಲಸಕ್ಕೆಂದು ದೋಹಾಕ್ಕೆ ಬಂದವನು. ನಮ್ಮ ಅನ್ನ ಹುಟ್ಟುವುದು ಈ ನೆಲದಲ್ಲಿ, ಆ ಋಣ ನನಗೆ ದೊಡ್ಡದು. ಆದರೂ ಆ ರಾತ್ರಿ ನಾನು ಯಾರ ಪರ ಎಂಬ ಬಗ್ಗೆ ಮನಸ್ಸಿನಲ್ಲಿ ಕ್ಷಣವೂ ಗೊಂದಲವಿರಲಿಲ್ಲ. ನನ್ನಂಥವರು ಇಲ್ಲಿ ಲಕ್ಷಗಟ್ಟಲೆ ಇದ್ದಾರೆ. ದೇಶದ ಮೂಲ ನಾಗರಿಕರಿಗಿಂತ ಭಾರತೀಯರೇ ಹೆಚ್ಚು. ಹಾಗಾಗಿ ಗ್ಯಾಲರಿ ತುಂಬಿದ್ದು ನಮ್ಮವರಿಂದಲೇ. ಮಲಪ್ಪುರಂ, ಕೋಯಿಕ್ಕೋಡ್ ಕಡೆಯ ಮಲಯಾಳಿಗಳು ಡೋಲು ತಂದಿದ್ದರು. ನಮ್ಮ ಸಾಲಿನಲ್ಲಿ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟ ಕೆಲವು ಹುಡುಗರಿದ್ದರು. ಅವರೊಡನೆ ಕನ್ನಡದಲ್ಲಿ ಮಾತು ಶುರುವಾದದ್ದು ರಾಹುಲ್ ಭೇಕೆಯ ಬಗ್ಗೆ. ಅದೇ ಮಾರ್ಚ್‌ನಲ್ಲಿ ಗೋವಾ ವಿರುದ್ಧದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಚೆಂಡು ಹೊಡೆದು ಬೆಂಗಳೂರಿಗೆ ಪ್ರಶಸ್ತಿ ತಂದುಕೊಟ್ಟವನು ಅಂದು ಬಲಬದಿಯ ಡಿಫೆಂಡರ್. ಗೋಲಿನ ಮುಂದೆ ಗುರ್‌ಪ್ರೀತ್ ಸಿಂಗ್ ಸಂಧು. ಅವನೂ ಬೆಂಗಳೂರು ಎಫ್‌ಸಿಯವನೇ; ಚೆಟ್ರಿ ಇಲ್ಲದ ಆ ರಾತ್ರಿ ಅವನೇ ನಾಯಕ.

ಮೊದಲ ನಿಮಿಷಗಳಲ್ಲೇ ಪಂದ್ಯದ ಸ್ವರೂಪ ಸ್ಪಷ್ಟವಾಯಿತು. ಚೆಂಡು ಕತಾರ್‌ನವರ ಕಾಲಲ್ಲೇ ಇರುತ್ತಿತ್ತು. ಅವರು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸಾಗಿಸುತ್ತ, ನಮ್ಮ ರಕ್ಷಣೆಯ ಸಾಲಿನಲ್ಲಿ ಸಂದು ಹುಡುಕುತ್ತಿದ್ದರು. ನಮ್ಮ ತರಬೇತುದಾರ ಇಗೊರ್ ಸ್ಟಿಮಾಕ್, ಸಣ್ಣ ಪಾಸುಗಳಿಂದ ಆಟ ಕಟ್ಟುವುದನ್ನು ತಂಡಕ್ಕೆ ಕಲಿಸಬೇಕೆಂದು ಬಂದವರು. ಆದರೆ ಅಂದು ಅವರ ತಂಡ ಹಿಂದೆ ಸರಿದು ನಿಂತು, ಪೆನಾಲ್ಟಿ ಆವರಣದ ಮುಂದೆ ಗಟ್ಟಿ ಗೋಡೆ ಕಟ್ಟಿತು. ಸಂದೇಶ್ ಜಿಂಗಾನ್ ಮತ್ತು ಆದಿಲ್ ಖಾನ್ ನಡುವಿನಲ್ಲಿ. ಮೂಲತಃ ಅಂಚಿನಿಂದ ದಾಳಿ ಮಾಡುವ ವಿಂಗರ್ ಆಗಿದ್ದ ಮಂದಾರ್ ರಾವ್ ದೇಸಾಯಿ ಎಡಬದಿಯ ರಕ್ಷಣೆಗೆ. ಇಂಥ ಆಟವನ್ನು ಹೇಡಿತನ ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ತೊಂಬತ್ತು ನಿಮಿಷ ಚೆಂಡಿಲ್ಲದೆ ಓಡುತ್ತ, ಪಕ್ಕದವನೊಂದಿಗಿನ ಅಂತರ ಕೆಡದಂತೆ ಕಾಯ್ದುಕೊಳ್ಳುವುದು ದೇಹಕ್ಕಿಂತ ಮನಸ್ಸನ್ನು ಹೆಚ್ಚು ದಣಿಸುವ ಕೆಲಸ. ಒಬ್ಬನ ಗಮನ ಒಂದು ಗಳಿಗೆ ತಪ್ಪಿದರೂ ಉಳಿದ ಹತ್ತು ಜನರ ದುಡಿಮೆ ನೀರುಪಾಲಾಗುತ್ತದೆ.

ಆ ರಾತ್ರಿ ಕತಾರ್ ಗೋಲಿನತ್ತ ಹೊಡೆದದ್ದು 25ಕ್ಕೂ ಹೆಚ್ಚು ಸಲ. ಕಾಲಿಗೆ, ಎದೆಗೆ ತಗುಲಿ ಎಷ್ಟೋ ಹೊಡೆತಗಳು ಹೊರಗೆ ಹೋದವು. ಅವನ್ನೆಲ್ಲ ದಾಟಿ ಬಂದವು ಗುರ್‌ಪ್ರೀತ್‌ನ ಕೈಸೇರಿದವು. ಆರಡಿ ಮೀರಿದ ಆ ಎತ್ತರದ ಮನುಷ್ಯ ನೆಲಮಟ್ಟದಲ್ಲಿ ಬರುವ ಚೆಂಡಿಗೆ ಅಷ್ಟು ಬೇಗ ಬಾಗುವುದನ್ನು ಟಿವಿಯಲ್ಲಿ ನೋಡಿದರೆ ಅರ್ಥವಾಗುವುದಿಲ್ಲ. ಕ್ರೀಡಾಂಗಣದಲ್ಲಿ ಕುಳಿತಾಗ ಇನ್ನೊಂದು ಸಂಗತಿಯೂ ಕಾಣುತ್ತದೆ: ಚೆಂಡು ಬರುವ ಮೊದಲೇ ಅವನು ಎರಡು ಹೆಜ್ಜೆ ಸರಿದು ಜಾಗ ಹಿಡಿದಿರುತ್ತಾನೆ, ಕೈ ಬೀಸಿ ಜಿಂಗಾನ್‌ನನ್ನು ಒಂದಡಿ ಎಡಕ್ಕೆ ಕಳಿಸಿರುತ್ತಾನೆ. ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಲ್ಲಿದ್ದಾಗ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯನೆನಿಸಿದವನು ಅವನು. ಅಲ್ಲಿ ಕಲಿತದ್ದನ್ನೆಲ್ಲ ಆ ರಾತ್ರಿ ದೋಹಾದಲ್ಲಿ ಖರ್ಚು ಮಾಡಿದನೆಂದೇ ನನಗೆ ಅನ್ನಿಸಿತು. ಗೋಲ್‌ಕೀಪರನ ಪ್ರತಿ ತಡೆಗೂ ಗ್ಯಾಲರಿ ಗೋಲು ಬಿದ್ದಂತೆ ಎದ್ದು ಕೂಗುವುದನ್ನು ನಾನು ಮೊದಲ ಬಾರಿ ನೋಡಿದ್ದು ಅಂದೇ.

ದ್ವಿತೀಯಾರ್ಧದಲ್ಲಿ ನಮ್ಮ ಉದಾಂತ ಸಿಂಗ್ ಚೆಂಡನ್ನು ಒಳಕ್ಕೆ ತಂದು ಬಾಗಿಸಿ ಹೊಡೆದ. ಅದು ದೂರದ ಕಂಬದ ಪಕ್ಕದಲ್ಲೇ ಹೊರಗೆ ಹೋಯಿತು. ನಮ್ಮ ಸಾಲಿನಲ್ಲಿ ತಲೆಯ ಮೇಲೆ ಕೈ ಹೊತ್ತವರೆಷ್ಟೋ! ಅಲ್ಲಿಯವರೆಗೆ ಸೋಲದಿದ್ದರೆ ಸಾಕೆಂದು ಹರಕೆ ಹೊತ್ತಂತೆ ಕುಳಿತಿದ್ದವರಿಗೆ, ಗೆಲ್ಲಲೂಬಹುದಿತ್ತಲ್ಲ ಎಂಬ ಹೊಸ ಸಂಕಟ ಶುರುವಾದದ್ದು ಆಗ. ಕೊನೆಯ ಹತ್ತು ನಿಮಿಷ ನಾನು ಆಟಕ್ಕಿಂತ ಗಡಿಯಾರವನ್ನೇ ಹೆಚ್ಚು ನೋಡಿದೆ. ರೆಫರಿ ಸೀಟಿ ಊದಿದಾಗ ಫಲಕದಲ್ಲಿ 0-0 ಇತ್ತು. ಮುಂದಿನ ಸಾಲಿನ ಅಪರಿಚಿತ ಮಲಯಾಳಿ ಹಿರಿಯರೊಬ್ಬರು ತಿರುಗಿ ನನ್ನನ್ನು ಅಪ್ಪಿಕೊಂಡು ಅತ್ತರು. ಆಗ ವಿಶ್ವ ಶ್ರೇಯಾಂಕದಲ್ಲಿ ನಮ್ಮದು 103ನೇ ಸ್ಥಾನ, ಕತಾರ್‌ದು 62.

ಆದರೆ ಅರ್ಹತಾ ಸುತ್ತು ಒಂದು ರಾತ್ರಿಯಲ್ಲಿ ತೀರ್ಮಾನವಾಗುವಂಥದ್ದಲ್ಲ. ಮುಂದಿನ ತಿಂಗಳು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಅರವತ್ತು ಸಾವಿರದಷ್ಟು ಜನರ ಮುಂದೆ ನಾವು ಬಾಂಗ್ಲಾದೇಶವನ್ನು ಸೋಲಿಸಲಾಗಲಿಲ್ಲ. ಆದಿಲ್ ಖಾನ್ 88ನೇ ನಿಮಿಷದಲ್ಲಿ ತಲೆಯೊಡ್ಡಿ 1-1 ಮಾಡಿರದಿದ್ದರೆ ಒಂದು ಅಂಕವೂ ಸಿಗುತ್ತಿರಲಿಲ್ಲ. ನವೆಂಬರ್‌ನಲ್ಲಿ ದುಶಾಂಬೆಯಲ್ಲಿ ಅಫ್ಘಾನಿಸ್ತಾನದೊಡನೆ ಮತ್ತೆ 1-1, ಮಸ್ಕತ್‌ನಲ್ಲಿ ಒಮಾನ್‌ಗೆ ಸೋಲು. ದೊಡ್ಡ ತಂಡದೆದುರು ಕಟ್ಟಿ ನಿಲ್ಲುವುದು ನಮಗೆ ಬಂತು. ಸಮಬಲದ ತಂಡವು ತಾನೇ ಹಿಂದೆ ಸರಿದು ನಿಂತರೆ ಅದನ್ನು ಒಡೆಯುವುದು ಬರಲಿಲ್ಲ. ವಿಶ್ವಕಪ್‌ನ ದಾರಿ ನಮಗೆ ಮುಚ್ಚಿದ್ದು ಅಲ್ಲಿ, ಕತಾರ್‌ನಲ್ಲಲ್ಲ.

ಕೋವಿಡ್‌ನಿಂದ ನಿಂತಿದ್ದ ನಮ್ಮ ಉಳಿದ ಪಂದ್ಯಗಳೆಲ್ಲ 2021ರ ಜೂನ್‌ನಲ್ಲಿ ದೋಹಾದಲ್ಲೇ ನಡೆದವು. ಭೇಕೆ 17ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೂ ಹತ್ತು ಜನರ ಭಾರತ ಕತಾರ್‌ಗೆ ಸೋತದ್ದು ಒಂದೇ ಗೋಲಿನಿಂದ. ಬಾಂಗ್ಲಾದೇಶದ ವಿರುದ್ಧ ಚೆಟ್ರಿಯ ಎರಡು ಗೋಲುಗಳು ಇಡೀ ಸುತ್ತಿನ ಏಕೈಕ ಗೆಲುವನ್ನು ತಂದವು. ಒಟ್ಟು 7 ಅಂಕಗಳೊಂದಿಗೆ ಭಾರತ ಮೂರನೆಯದಾಗಿ, ಏಷ್ಯನ್ ಕಪ್ ಅರ್ಹತೆಯ ಮುಂದಿನ ಸುತ್ತಿಗೆ ಹೋಯಿತು, ಅಫ್ಘಾನಿಸ್ತಾನದ್ದು 6. ಅಗ್ರಸ್ಥಾನದ ಕತಾರ್ 24ರಲ್ಲಿ 22 ಅಂಕ ಗಳಿಸಿತ್ತು. ಎಂಟು ಪಂದ್ಯಗಳಲ್ಲಿ ಅದು ಕಳೆದುಕೊಂಡ ಅಂಕಗಳು ಆ ಎರಡೇ. ಎರಡೂ ಸೆಪ್ಟೆಂಬರ್ 10ರಂದು ಹೋದವು.